ಸಭಾಕಂಪ

ಹತ್ತು ಜನರ ಎದುರಿಗೆ ಎದ್ದು ನಿಂತೊಡನೆ ಕೈಕಾಲು ನಡುಗುವುದು, ನಾಲಗೆ ಒಣಗುವುದು, ಚೆನ್ನಾಗಿ ತಿಳಿದ ವಿಷಯವೂ ಮರೆತುಹೋಗುವುದು ನಮ್ಮಲ್ಲಿ ಅನೇಕರ ಅನುಭವ. ಇದಕ್ಕೆ ಸಭಾಕಂಪವೆಂದು ಹೆಸರು. ಹೀಗೆ ನಡುಗುವವನು ತನ್ನನ್ನು ದಡ್ಡನೆಂದು ಭಾವಿಸಿ ಮೂಲೆ ಸೇರುವುದುಂಟು. ಆದರೆ ಸಭಾಕಂಪವು ದಡ್ಡತನದ ಗುರುತಲ್ಲ.

ಗಾಂಧೀಜಿಯವರು ಇಂಗ್ಲೆಂಡಿನಲ್ಲಿ ಕಾನೂನು ಓದುತ್ತಿದ್ದಾಗ, ಸಸ್ಯಾಹಾರಿಗಳ ಸಭೆಗಾಗಿ ಬರೆದುಕೊಂಡು ಹೋಗಿದ್ದ ಭಾಷಣವನ್ನು ಓದಲಾರದೆ ಮತ್ತೊಬ್ಬರಿಂದ ಓದಿಸಬೇಕಾಯಿತು. ಮುಂಬಯಿಯ ನ್ಯಾಯಾಲಯದಲ್ಲಿ ತಮ್ಮ ಮೊದಲ ಮೊಕದ್ದಮೆಗೆ ಎದ್ದು ನಿಂತಾಗ ತಲೆ ಸುತ್ತಿದಂತಾಗಿ, ಒಂದೂ ಪ್ರಶ್ನೆ ಕೇಳದೆ ಕುಳಿತುಬಿಟ್ಟರು. ಇದನ್ನೆಲ್ಲ ಅವರೇ ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ. ಈ ಸಂಕೋಚವೇ ತಮಗೆ ಮಿತವಾಗಿ ಮಾತನಾಡುವುದನ್ನು ಕಲಿಸಿತೆಂದೂ ಹೇಳಿದ್ದಾರೆ. ಕೊರತೆಯೆಂದು ತೋರಿದುದು ಕಾಲಕ್ರಮದಲ್ಲಿ ಬಲವಾಯಿತು.

ಮಾತನ್ನು ಕಲಿಯಲು ಭಟ್ಕಳ, ಹೊನ್ನಾವರ, ಕುಮಟಾ ಸೀಮೆಯಲ್ಲಿ ಹಿಂದಿನಿಂದಲೂ ಒಂದು ಪಾಠಶಾಲೆಯಿದೆ. ಅದೇ ತಾಳಮದ್ದಳೆ. ಇಲ್ಲಿ ಯಕ್ಷಗಾನದ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪ್ರಸಂಗದ ಪದ್ಯವನ್ನು ಹಾಡುತ್ತಾರೆ. ಅರ್ಥಧಾರಿಯು ಕುಳಿತಲ್ಲಿಯೇ ಅದರ ಅರ್ಥವನ್ನು ತನ್ನ ಮಾತಿನಲ್ಲಿ ವಿಸ್ತರಿಸುತ್ತಾನೆ. ಬರೆದುಕೊಟ್ಟ ಸಂಭಾಷಣೆಯಿಲ್ಲ. ಎದುರಾಳಿ ಏನು ಕೇಳುವನೆಂದು ಮೊದಲೇ ತಿಳಿಯದು. ಕೃಷ್ಣಸಂಧಾನದಲ್ಲಿ ಸಂಧಿ ಮುರಿದುಬೀಳುವುದೆಂದು ಸಭೆಗೆಲ್ಲ ಗೊತ್ತು. ಆದರೂ ಕೌರವನ ಅರ್ಥ ಹೇಳುವವನು ತನ್ನ ಪಕ್ಷವನ್ನು ದುರ್ಬಲಗೊಳಿಸುವಂತಿಲ್ಲ. ಕೃಷ್ಣನ ಒಂದೊಂದು ಮಾತನ್ನೂ ಕಿವಿಗೊಟ್ಟು ಕೇಳಿ ಉತ್ತರಿಸಬೇಕು. ಆದುದರಿಂದ ಒಳ್ಳೆಯ ಅರ್ಥಧಾರಿಯು ಮೊದಲು ಒಳ್ಳೆಯ ಕೇಳುಗನಾಗಿರುತ್ತಾನೆ.

ಈ ಶಕ್ತಿ ಒಂದು ದಿನದಲ್ಲಿ ಬರುವಂಥದಲ್ಲ. ಹೊನ್ನಾವರ ತಾಲ್ಲೂಕಿನ ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಇಡಗುಂಜಿ ಮಹಾಗಣಪತಿ ಯಕ್ಷಗಾನ ಮಂಡಳಿಯನ್ನು ಸ್ಥಾಪಿಸಿದರು. ಅವರ ಮಗ ಶಂಭು ಹೆಗಡೆಯವರು 1986ರಲ್ಲಿ ಗುಣವಂತೆಯಲ್ಲಿ ಶ್ರೀಮಯ ಎಂಬ ಕಲಾಕೇಂದ್ರವನ್ನು ತೆರೆದರು. ಕಲೆಯನ್ನು ಕಲಿಸಬಹುದು, ಕಲಿಯಬಹುದು ಎಂಬುದಕ್ಕೆ ಇದೇ ಸಾಕ್ಷಿ. ಹೊಸಬನು ಸಣ್ಣ ಪಾತ್ರದಿಂದ ಆರಂಭಿಸುತ್ತಾನೆ. ಪದ್ಯವನ್ನೂ ಕಥೆಯನ್ನೂ ಚೆನ್ನಾಗಿ ಅರಿತುಕೊಳ್ಳುತ್ತಾನೆ. ಕ್ರಮೇಣ ತನ್ನ ಬಲವನ್ನು ಕಂಡುಕೊಳ್ಳುತ್ತಾನೆ. ಒಬ್ಬನಿಗೆ ತರ್ಕ ಒಲಿಯುತ್ತದೆ, ಇನ್ನೊಬ್ಬನಿಗೆ ಭಾವ, ಮತ್ತೊಬ್ಬನಿಗೆ ಹಾಸ್ಯ. ಎಲ್ಲರೂ ಒಂದೇ ರೀತಿ ಮಾತನಾಡಬೇಕಾಗಿಲ್ಲ.

ಈ ಕರಾವಳಿಯ ಮಕ್ಕಳಿಗೆ ಇನ್ನೊಂದು ಅಳುಕೂ ಉಂಟು. ಒಬ್ಬರ ಮನೆಮಾತು ಕೊಂಕಣಿ, ಒಬ್ಬರದು ನವಾಯತಿ. ಕೆಲವರದು ಹವಿಗನ್ನಡ, ಕೆಲವರದು ಹಾಲಕ್ಕಿ ಕನ್ನಡ. ಪುಸ್ತಕದ ಕನ್ನಡವನ್ನು ಆಡುವಾಗ ಎಲ್ಲಿ ನಾಲಗೆ ತಪ್ಪೀತೋ, ಯಾರು ನಕ್ಕಾರೋ ಎಂಬ ಭಯವೇ ಎಷ್ಟೋ ಬಾಯಿಗಳನ್ನು ಮುಚ್ಚಿಸಿದೆ. ಈ ಭಯವನ್ನು ಹೋಗಲಾಡಿಸುವ ಹೊಣೆ ಮಾತನಾಡುವವನದು ಮಾತ್ರವಲ್ಲ, ಕೇಳುವವರದೂ ಹೌದು.

ತಾಳಮದ್ದಳೆಯಲ್ಲಿ ಹೊಸಬನು ತಡವರಿಸಿದರೆ, ಎದುರು ಕುಳಿತ ಹಿರಿಯನು ಸುಲಭವಾದ ಪ್ರಶ್ನೆಯೊಂದನ್ನು ಕೇಳಿ ಅವನ ಮಾತಿಗೆ ದಾರಿ ತೋರಿಸುವುದುಂಟು. ಕಥೆಯಲ್ಲಿ ಆತ ಶತ್ರು. ಸಭೆಯಲ್ಲಿ ಆತನೇ ಆಸರೆ. ನಿಮ್ಮ ತರಗತಿಯಲ್ಲಿ ಒಬ್ಬ ಗೆಳೆಯನೋ ಗೆಳತಿಯೋ ನಡುಗುತ್ತ ನಿಂತಾಗ ನೀವೂ ಹಾಗೆ ಆಸರೆಯಾಗಬಲ್ಲಿರಿ. ನಗದೆ, ತಾಳ್ಮೆಯಿಂದ ಕಾದು ಕೇಳಿದರೆ ಸಾಕು. ನಿಂತುಹೋದ ಮಾತು ಮತ್ತೆ ಹರಿಯುತ್ತದೆ.