ಎಂಥ ಕೋಲೋ ಅಂಥ ಸಿಬಿರು: ಸ್ಪ್ಯಾನಿಷ್ ಹೋಲಿಕೆಯ ನುಡಿಗಳೂ ಇಂಗ್ಲಿಷ್ ಭಾಷಾಂತರವೂ

ತೊಟ್ಟಿಲಲ್ಲಿರುವ ಕೂಸನ್ನು ನೋಡಲು ಬಂದವರು ಮೊದಲು ಆಡುವ ಮಾತು ಹೋಲಿಕೆಯದು. ಮೂಗು ತಂದೆಯದು, ಕಣ್ಣು ಅಜ್ಜಿಯದು ಎಂದು ಹಂಚಿಕೊಡುವವರೆಗೆ ಅವರಿಗೆ ಸಮಾಧಾನವಿಲ್ಲ. ಆ ಕೂಸು ಬೆಳೆದು ದೊಡ್ಡದಾಗಿ ಒಳ್ಳೆಯದನ್ನೋ ಕೆಟ್ಟದ್ದನ್ನೋ ಮಾಡಿದಾಗ ಜನರು ಮತ್ತೆ ಅದೇ ಹೋಲಿಕೆಗೆ ಮರಳುತ್ತಾರೆ. ಆದರೆ ಆಗ ಅದು ಬರಿಯ ಹೋಲಿಕೆಯಾಗಿ ಉಳಿಯುವುದಿಲ್ಲ, ತೀರ್ಪಾಗುತ್ತದೆ. ‘ತಾಯಿಯಂತೆ ಮಗಳು, ನೂಲಿನಂತೆ ಸೀರೆ’ ಎಂಬ ನಮ್ಮ ಗಾದೆಯನ್ನು ಹೊಗಳಿಕೆಗೂ ಆಡಬಹುದು, ತೆಗಳಿಕೆಗೂ ಆಡಬಹುದೆಂಬುದು ಎಲ್ಲರೂ ಬಲ್ಲ ಸಂಗತಿ. ಸ್ಪ್ಯಾನಿಷ್ ಭಾಷೆಯಲ್ಲಿ ಇಂಥ ನುಡಿಗಳು ಹೇರಳವಾಗಿವೆ. ಅವುಗಳನ್ನು ಇಂಗ್ಲಿಷಿಗೆ ತರುವಾಗ ಭಾಷಾಂತರಕಾರನು ಎಲ್ಲಿ ಎಡವುತ್ತಾನೆ, ಏಕೆ ಎಡವುತ್ತಾನೆ ಎಂಬುದನ್ನು ಕೆಲವು ಉದಾಹರಣೆಗಳಿಂದ ವಿವೇಚಿಸುವುದು ಈ ಲೇಖನದ ಉದ್ದೇಶ.

ಮೊದಲು ಸುಲಭವಾದವನ್ನು ನೋಡೋಣ. ಸ್ಪ್ಯಾನಿಷಿನಲ್ಲಿ ‘ಸಾಲೀರ್’ ಎಂದರೆ ಹೊರಹೋಗುವುದು. ಆದರೆ ಹುಡುಗನೊಬ್ಬನು ‘ಅಜ್ಜನಿಗೆ ಹೊರಬಿದ್ದಿದ್ದಾನೆ’ ಎಂದು ಆ ಕ್ರಿಯಾಪದದಿಂದಲೇ ಹೇಳಿದರೆ, ಅವನಿಗೆ ಅಜ್ಜನ ರೂಪವೋ ಗುಣವೋ ಬಂದಿದೆ ಎಂದರ್ಥ. ಇದಕ್ಕೆ ಇಂಗ್ಲಿಷಿನಲ್ಲಿ ‘ಟೇಕ್ ಆಫ್ಟರ್’ ಎಂಬ ಒಪ್ಪುವ ಮಾತುಂಟು. ಇಬ್ಬರು ಸೋದರಿಯರು ‘ಎರಡು ನೀರ ಹನಿಗಳಂತೆ’ ಇದ್ದಾರೆ ಎಂದು ಸ್ಪೇನಿನವರು ಹೇಳಿದರೆ, ಇಂಗ್ಲಿಷರು ‘ಒಂದೇ ಸಿಪ್ಪೆಯೊಳಗಿನ ಎರಡು ಬಟಾಣಿಗಳಂತೆ’ ಎನ್ನುತ್ತಾರೆ. ನೀರು ಹೋಗಿ ಬಟಾಣಿ ಬಂದರೂ ಅರ್ಥಕ್ಕೆ ಊನವಿಲ್ಲ.

ಇನ್ನು ಮಾತಿನ ಅಂತಸ್ತು. ಮಗನು ತಂದೆಯ ‘ಜೀವಂತ ಚಿತ್ರ’ ಎಂಬುದು ಸಭ್ಯರ ನುಡಿ. ತಂದೆಗೆ ‘ಮೊಳೆ ಹೊಡೆದಂತೆ’ ಇದ್ದಾನೆ ಎಂಬರ್ಥದ ‘ಕ್ಲಾವಾದೊ’ ಎಂಬುದು ಮನೆಯ ಸಲಿಗೆಯ ನುಡಿ. ಇಂಗ್ಲಿಷಿನಲ್ಲಿಯೂ ಇಂಥ ಎರಡು ಅಂತಸ್ತುಗಳಿವೆ. ಮೊದಲನೆಯದಕ್ಕೆ ‘ದಿ ವೆರಿ ಇಮೇಜ್’ ಒಪ್ಪುತ್ತದೆ; ಎರಡನೆಯದಕ್ಕೆ ‘ಸ್ಪಿಟಿಂಗ್ ಇಮೇಜ್’. ಇವನ್ನು ಅದಲುಬದಲು ಮಾಡಿದರೆ ಅಡುಗೆಮನೆಯ ಮಾತು ಆಸ್ಥಾನಕ್ಕೆ ಹೋದಂತಾಗುತ್ತದೆ.

ನಿಜವಾದ ಕಷ್ಟವಿರುವುದು ಗಾದೆಗಳಲ್ಲಿ. ಸ್ಪ್ಯಾನಿಷಿನ ಅತಿ ಪ್ರಸಿದ್ಧವಾದ ಗಾದೆ ‘ದೆ ತಾಲ್ ಪಾಲೊ, ತಾಲ್ ಆಸ್ತೀಯ’. ಎಂಥ ಕೋಲೋ ಅಂಥ ಸಿಬಿರು ಎಂದರ್ಥ. ಇಂಗ್ಲಿಷಿನಲ್ಲಿ ‘ಎ ಚಿಪ್ ಆಫ್ ದಿ ಓಲ್ಡ್ ಬ್ಲಾಕ್’, ಅಂದರೆ ಹಳೆಯ ದಿಮ್ಮಿಯ ಚಕ್ಕೆ, ಎಂಬ ಮಾತು 17ನೆಯ ಶತಮಾನದಿಂದಲೂ ಬಳಕೆಯಲ್ಲಿದೆ. ಅಲ್ಲಿಯೂ ಮರ, ಇಲ್ಲಿಯೂ ಮರ. ಇದಕ್ಕಿಂತ ತಕ್ಕ ಜೋಡಿ ಬೇಕೆ ಎಂದು ತೋರುವುದು ಸಹಜ. ಆದರೆ ಇಂಗ್ಲಿಷಿನ ಮಾತಿಗೆ ಮೆಚ್ಚುಗೆಯ ಕಡೆಗೆ ಒಲವು ಹೆಚ್ಚು. 1781ರಲ್ಲಿ ಕಿರಿಯ ವಿಲಿಯಂ ಪಿಟ್ಟನು ಪಾರ್ಲಿಮೆಂಟಿನಲ್ಲಿ ತನ್ನ ಮೊದಲ ಭಾಷಣ ಮಾಡಿದಾಗ, ಈತನು ಹಳೆಯ ದಿಮ್ಮಿಯ ಚಕ್ಕೆ ಮಾತ್ರವಲ್ಲ, ಹಳೆಯ ದಿಮ್ಮಿಯೇ ಸರಿ ಎಂಬರ್ಥದ ಮಾತನ್ನು ಎಡ್ಮಂಡ್ ಬರ್ಕನು ಆಡಿದನೆಂದು ಪ್ರಸಿದ್ಧಿ. ತಂದೆಯ ವಾಗ್ಮಿತೆಯನ್ನು ಕಂಡಿದ್ದವನು ಮಗನಿಗೆ ಕೊಟ್ಟ ಮನ್ನಣೆ ಅದು.

ಸ್ಪ್ಯಾನಿಷಿನ ಕೋಲಿಗಾದರೋ ಎರಡು ಮೊನೆಗಳಿವೆ. ಹೊಸೆ ಮರಿಯಾ ದೆ ಪೆರೆದ (1833-1906) ಎಂಬ ಕಾದಂಬರಿಕಾರನು 1880ರಲ್ಲಿ ಪ್ರಕಟವಾದ ತನ್ನ ಕೃತಿಗೆ ಈ ಗಾದೆಯನ್ನೇ ಹೆಸರಾಗಿಟ್ಟನು. ಆತನು ಸಂಪ್ರದಾಯನಿಷ್ಠ ಕ್ಯಾಥೊಲಿಕನು. ಅವನ ಗೆಳೆಯನಾದ ಗಾಲ್ದೋಸನು ‘ಗ್ಲೋರಿಯ’ ಎಂಬ ಕಾದಂಬರಿಯಲ್ಲಿ ಮತೀಯ ಅಸಹನೆಯನ್ನು ಖಂಡಿಸಿದ್ದನು. ಪೆರೆದನ ಕೃತಿ ಅದಕ್ಕೆ ಉತ್ತರವಾಗಿ ಬಂದುದು. ದೇವರನ್ನು ನಂಬದ ವೈದ್ಯನೊಬ್ಬನ ಮಗನು ಭಕ್ತೆಯಾದ ತರುಣಿಯನ್ನು ಪ್ರೀತಿಸುತ್ತಾನೆ. ತಂದೆಯ ನಾಸ್ತಿಕತೆ ಮಗನಿಗೂ ಬಂದಿರುವುದರಿಂದ ಅವರ ವಿವಾಹಕ್ಕೆ ದಾರಿಯಿಲ್ಲದೆ ಕಥೆ ದುರಂತವಾಗುತ್ತದೆ. ಇಲ್ಲಿ ಗಾದೆಯು ಬೆನ್ನು ತಟ್ಟುವ ಮಾತಲ್ಲ. ತಂದೆಯ ಮೇಲೆ ಹೊರಿಸಿದ ಆರೋಪ, ಮಗನಿಗೆ ವಿಧಿಸಿದ ಶಿಕ್ಷೆ. ಈ ಹೆಸರನ್ನು ‘ಹಳೆಯ ದಿಮ್ಮಿಯ ಚಕ್ಕೆ’ ಎಂದು ಇಂಗ್ಲಿಷಿಗೆ ತಂದರೆ ಓದುಗನು ಯಾವುದೋ ವಿನೋದ ಕಥೆಯನ್ನು ನಿರೀಕ್ಷಿಸಿಯಾನು. ‘ಲೈಕ್ ಫಾದರ್, ಲೈಕ್ ಸನ್’ ಎಂಬುದರಲ್ಲಿ ಮರವಿಲ್ಲ. ಆದರೆ ಮೂಲದ ಗಾಂಭೀರ್ಯ ಉಳಿಯುತ್ತದೆ. ಮರವನ್ನು ಉಳಿಸಿ ತೀರ್ಪನ್ನು ಕಳೆದುಕೊಳ್ಳುವುದಕ್ಕಿಂತ, ತೀರ್ಪನ್ನು ಉಳಿಸಿ ಮರವನ್ನು ಬಿಡುವುದು ಮೇಲು.

ಇಲ್ಲಿ ಮತ್ತೊಂದು ತೊಡಕುಂಟು. ಕೋಲು ಮತ್ತು ಸಿಬಿರುಗಳಲ್ಲಿ ಗಂಡು ಹೆಣ್ಣುಗಳ ಪ್ರಶ್ನೆಯಿಲ್ಲ; ತಾಯಿ ಮಗ, ತಂದೆ ಮಗಳು, ಯಾರಿಗೂ ಸಲ್ಲುತ್ತದೆ. ಇಂಗ್ಲಿಷಿನ ಗಾದೆಯು ತಂದೆ ಮಗ ಎಂದು ಹೆಸರಿಟ್ಟೇ ಹೇಳುವುದರಿಂದ, ಮಗಳು ತಂದೆಯಂತಿರುವಲ್ಲಿ ಅದು ಸಲ್ಲದು. ಅಲ್ಲಿ ‘ಆಕೆ ತಂದೆಗೆ ತಕ್ಕ ಮಗಳು’ ಎಂಬರ್ಥ ಬರುವಂತೆ ವಾಕ್ಯವನ್ನೇ ಬೇರೆ ಬಗೆಯಲ್ಲಿ ಕಟ್ಟಬೇಕಾಗುತ್ತದೆ.

ದಕ್ಷಿಣ ಅಮೆರಿಕ, ಮೆಕ್ಸಿಕೊ ಮುಂತಾದ ಕಡೆ ‘ತೀಗ್ರೆ’ಯ ಮಗ ಮೈಮೇಲೆ ಚುಕ್ಕೆ ಹೊತ್ತೇ ಹುಟ್ಟುತ್ತಾನೆ ಎಂಬ ಗಾದೆಯಿದೆ. ನಿಘಂಟನ್ನು ನೋಡಿ ‘ಹುಲಿಯ ಮಗನಿಗೆ ಚುಕ್ಕೆ’ ಎಂದು ಬರೆದರೆ ಶಾಲೆಯ ಹುಡುಗನೂ ನಕ್ಕಾನು, ಹುಲಿಗಿರುವುದು ಪಟ್ಟೆಯಲ್ಲವೆ? ತಪ್ಪು ಗಾದೆಯದಲ್ಲ. ಆ ಖಂಡದ ಕಾಡುಗಳಲ್ಲಿ ಹುಲಿಯಿಲ್ಲ. ಸ್ಪೇನಿನಿಂದ ಹೋದವರು ಅಲ್ಲಿ ಕಂಡ ಜಾಗ್ವಾರಿಗೆ ‘ತೀಗ್ರೆ’ ಎಂಬ ಹೆಸರನ್ನು ಕೊಟ್ಟರು. ಜಾಗ್ವಾರಿನ ಮೈತುಂಬ ಚುಕ್ಕೆಗಳೇ. ಪದಕೋಶದ ಜೊತೆಗೆ ಆ ನಾಡಿನ ಪ್ರಾಣಿಪರಿಚಯವೂ ಭಾಷಾಂತರಕಾರನಿಗೆ ಬೇಕೆಂಬುದಕ್ಕೆ ಇದು ಸಾಕ್ಷಿ.

ಇದೇ ಬಗೆಯ ಇನ್ನೊಂದು ಬಲೆ ‘ಕಾಸ್ತ’ ಎಂಬ ಪದದಲ್ಲಿದೆ. ಬೇಟೆನಾಯಿಯ ಬಾಲ ಉದ್ದವಾಗಿರುವುದು ಅದರ ‘ಕಾಸ್ತ’ದಿಂದ ಬಂದದ್ದು ಎಂಬುದು ಸ್ಪೇನಿನ ಹಳೆಯ ಗಾದೆ. ಜನರು ಸಾಮಾನ್ಯವಾಗಿ ಅದರ ಮೊದಲರ್ಧವನ್ನಷ್ಟೇ ಆಡಿ ಬಾಲದ ಮಾತನ್ನು ಕೇಳುವವರ ಊಹೆಗೆ ಬಿಡುತ್ತಾರೆ. ‘ಕಾಸ್ತ’ ಎಂದೊಡನೆ ನಮಗೆ ಇಂಗ್ಲಿಷಿನ ‘ಕ್ಯಾಸ್ಟ್’ ನೆನಪಾಗುತ್ತದೆ. ನೆನಪು ಸುಳ್ಳಲ್ಲ, ಪೋರ್ಚುಗೀಸರು ಭಾರತದ ಜಾತಿಗಳನ್ನು ಹೆಸರಿಸಲು 16ನೆಯ ಶತಮಾನದಲ್ಲಿ ಬಳಸಿದ ಇದೇ ಪದವೇ ‘ಕ್ಯಾಸ್ಟ್’ ಎಂಬುದರ ಮೂಲ. ಆದರೆ ಗಾದೆಯಲ್ಲಿ ಅದಕ್ಕೆ ತಳಿ ಎಂದಷ್ಟೇ ಅರ್ಥ. ‘ಅದು ರಕ್ತದಲ್ಲೇ ಬಂದದ್ದು’ ಎಂಬ ಇಂಗ್ಲಿಷ್ ವಾಡಿಕೆ ಇಲ್ಲಿ ಸಾಕು. ಪದದ ನೆಂಟಸ್ತಿಕೆಯನ್ನು ನಂಬಿ ‘ಕ್ಯಾಸ್ಟ್’ ಎಂದು ಬರೆದವನು ನಾಯಿಯ ಬಾಲಕ್ಕೆ ಸಮಾಜಶಾಸ್ತ್ರವನ್ನು ಕಟ್ಟಿದಂತಾಗುತ್ತದೆ.

ಆದುದರಿಂದ ಇಂಥ ನುಡಿಗಳನ್ನು ಭಾಷಾಂತರಿಸುವವನು ಮೂರು ಪ್ರಶ್ನೆಗಳನ್ನು ಹಾಕಿಕೊಳ್ಳಬೇಕು. ಹೋಲಿಕೆ ರೂಪದ್ದೋ, ಗುಣದ್ದೋ? ಆಡುತ್ತಿರುವವರು ಯಾರು, ಯಾರ ಬಗ್ಗೆ? ಆಡಿದ್ದು ಮೆಚ್ಚಿಯೋ, ಹಳಿದೋ? ಈ ಮೂರಕ್ಕೂ ಉತ್ತರ ದೊರೆತ ಮೇಲೆ ಕೋಲು, ಬಟಾಣಿ, ನಾಯಿಗಳ ಆಯ್ಕೆ ಕಷ್ಟವಲ್ಲ. ಉತ್ತರವಿಲ್ಲದೆ ಆಯ್ದರೆ, ತಂದೆಯ ತಪ್ಪಿಗಾಗಿ ಮಗನನ್ನು ಹಳಿದ ಮಾತು ಹೊಗಳಿಕೆಯಾದೀತು; ತಾಯಿಯೊಬ್ಬಳು ಹೆಮ್ಮೆಯಿಂದ ಆಡಿದ ಮಾತು ಬೈಗುಳಾದೀತು.

ಇಷ್ಟೆಲ್ಲ ಗಾದೆಗಳಿಗೆ ಸ್ಪ್ಯಾನಿಷ್ ಜನರೇ ಒಂದು ಪ್ರತ್ಯುತ್ತರವನ್ನೂ ಇಟ್ಟುಕೊಂಡಿದ್ದಾರೆ: ‘ನೊ ಕೊನ್ ಕ್ಯೆನ್ ನಾಸೆಸ್, ಸೀನೊ ಕೊನ್ ಕ್ಯೆನ್ ಪಾಸೆಸ್’. ಯಾರೊಡನೆ ಹುಟ್ಟಿದೆ ಎಂಬುದಲ್ಲ, ಯಾರೊಡನೆ ಮೇಯುತ್ತೀಯೆ ಎಂಬುದೇ ಮುಖ್ಯ ಎಂದರ್ಥ. ‘ಮನುಷ್ಯನನ್ನು ಅವನ ಸಹವಾಸದಿಂದ ಗುರುತಿಸಬಹುದು’ ಎಂಬ ಇಂಗ್ಲಿಷ್ ಗಾದೆ ಇದಕ್ಕೆ ಹತ್ತಿರವೆಂದು ತೋರಿದರೂ ಪೂರಾ ಸಮವಲ್ಲ. ಅದು ಇತರರು ನಮ್ಮನ್ನು ಗುರುತಿಸುವ ಬಗೆಯನ್ನು ಹೇಳುತ್ತದೆ. ಇದು ನಾವು ರೂಪುಗೊಳ್ಳುವ ಬಗೆಯನ್ನು ಹೇಳುತ್ತದೆ. ಪಾಲೊ, ಆಸ್ತೀಯಗಳನ್ನು ಕಲಿತ ವಿದ್ಯಾರ್ಥಿಯು ಈ ಗಾದೆಯನ್ನೂ ಕಲಿಯುವುದು ಒಳ್ಳೆಯದು. ಏಕೆಂದರೆ ಸಿಬಿರು ತನ್ನ ಕೋಲನ್ನು ಆರಿಸಿಕೊಳ್ಳಲಾರದು. ಮನುಷ್ಯನು ತನ್ನ ಸಂಗವನ್ನು ಆರಿಸಿಕೊಳ್ಳಬಲ್ಲನು.