ಹಳೇ ಮಡಚುವ ಸೈಕಲ್: ಕೊಂಡ ಬೆಲೆ, ಬಿದ್ದ ಬೆಲೆ

ಸೆಕೆಂಡ್‌ಹ್ಯಾಂಡ್ ಮಡಚುವ ಸೈಕಲ್‌ಗಳಲ್ಲಿ 20 ಇಂಚಿನ ಚಕ್ರದವೇ ಹೆಚ್ಚು. ಗುಬ್ಬಿಯಲ್ಲೋ ತುಮಕೂರಿನಲ್ಲೋ ರೈಲು ಹತ್ತಿ ಯಶವಂತಪುರದಲ್ಲಿ ಇಳಿಯುವವರಿಗೆ ಇದು ಎರಡೂ ಕಡೆಯ ಆಟೋ ಖರ್ಚನ್ನು ಉಳಿಸುತ್ತದೆ. 2022ರಿಂದ ನಮ್ಮ ಮೆಟ್ರೊದ ಕೊನೆಯ ಬೋಗಿಯಲ್ಲೂ ಮಡಚಿದ ಸೈಕಲ್‌ಗೆ ಅವಕಾಶವಿದೆ. ತೂಕ 15 ಕೆ.ಜಿ. ಮೀರಬಾರದು, ಅಳತೆಗೂ ಮಿತಿ ಇದೆ. ತುಮಕೂರಿನಿಂದ ಕುಣಿಗಲ್‌ಗೆ ನೇರ ರೈಲಿಲ್ಲ. ಅಲ್ಲಿ ಬಸ್ಸಿಗೆ ಎತ್ತಿ ಹಾಕಬೇಕು. ಹಾಗಾಗಿ ಕೊಳ್ಳುವ ಮುನ್ನ ಮಡಚಿ, ಒಂದೇ ಕೈಯಲ್ಲಿ ಎತ್ತಿ ನೋಡುವುದು ಒಳ್ಳೆಯದು.

ಮೊದಲು ನೋಡಬೇಕಾದದ್ದು ಫ್ರೇಮಿನ ನಡುವಿನ ಕೀಲು. ಮುಂದಿನ ಬ್ರೇಕ್ ಹಿಡಿದು ಹಿಂದೆ ಮುಂದೆ ಅಲುಗಿಸಿದಾಗ ಕೀಲು ಕಟಕಟ ಎನ್ನಬಾರದು. ಲಿವರನ್ನು ಅಂಗೈಯಿಂದ ಒತ್ತಿಯೇ ಮುಚ್ಚುವಂತಿರಬೇಕು. ಸಡಿಲವಾಗಿದ್ದರೆ ಅದರ ನಟ್ಟನ್ನು ಸ್ವಲ್ಪ ಬಿಗಿ ಮಾಡಿದರೆ ಸಾಕು. ಹ್ಯಾಂಡಲ್ ಕಂಬದ ಕೀಲಿಗೂ ಇದೇ ಪರೀಕ್ಷೆ. ವೆಲ್ಡಿಂಗ್ ಪಕ್ಕ ಕೂದಲೆಳೆಯಷ್ಟು ಗೆರೆ ಕಂಡರೂ ಆ ಸೈಕಲ್ ಯಾವ ಬೆಲೆಗೂ ಬೇಡ.

ಆಮೇಲೆ ಟೈರಿನ ಬದಿಯ ಅಂಕಿ. 20 ಇಂಚು ಎಂದರೂ ರಿಮ್ಮಿನಲ್ಲಿ ಎರಡು ಅಳತೆ ರೂಢಿಯಲ್ಲಿವೆ: 406 ಮತ್ತು 451 ಮಿ.ಮೀ. ಮಕ್ಕಳ ಸೈಕಲ್‌ಗೂ ಬರುವ 406ರ ಟೈರು ಗುಬ್ಬಿಯಂಥ ಊರಿನಲ್ಲೂ ದೊರೆಯುವಂಥದ್ದು. 451ಕ್ಕೆ ಆನ್‌ಲೈನ್ ದರ ತೆರಬೇಕು. ಕೆಲವು ವಿದೇಶಿ ಮಾದರಿಗಳ ಮುಂದಿನ ಹಬ್ಬಿನ ಅಗಲ ಸಾಮಾನ್ಯ 100 ಮಿ.ಮೀ. ಬದಲು 74 ಮಾತ್ರ. ಅಂಥ ಹಬ್ ಕೆಟ್ಟರೆ ಅಗ್ಗಕ್ಕೆ ಕೊಂಡ ಸೈಕಲ್ ದುಬಾರಿಯಾಗುತ್ತದೆ. ಬ್ರ್ಯಾಂಡಿನ ಹೆಸರಿಗಿಂತ ಬಿಡಿಭಾಗ ಊರಲ್ಲೇ ಸಿಗುವುದೇ ಇಲ್ಲಿ ದೊಡ್ಡ ಉಳಿತಾಯ.

ಸುಧಾರಣೆಗೆ ಇಟ್ಟ ಹಣ ಮೊದಲು ಟೈರಿಗೆ, ಬ್ರೇಕ್ ರಬ್ಬರಿಗೆ, ಕೇಬಲ್‌ಗೆ ಹೋಗಬೇಕು. ಸಣ್ಣ ಚಕ್ರ ರಸ್ತೆಯ ಗುಂಡಿಗೆ ಬೇಗ ಇಳಿಯುವುದರಿಂದ ಅಗಲದ ಟೈರು ಲೇಸು. ಈ ಅಂಕಣಕಾರರ ಸೈಕಲ್‌ನಲ್ಲಿ ಹೆಚ್ಚು ಸುಖ ಕೊಟ್ಟ ಖರ್ಚೂ ಅದೇ. ಗೇರಿನ ಸರದಿ ಆಮೇಲಿನದು. ಮುಂದೆ 52, ಹಿಂದೆ 14 ಹಲ್ಲಿದ್ದರೆ ಒಂದು ಸುತ್ತು ತುಳಿದಾಗ ಸೈಕಲ್ ಸುಮಾರು 5.7 ಮೀಟರ್ ಸಾಗುತ್ತದೆ. ಹಿಂದೆ 28 ಹಲ್ಲಾದರೆ ಅದರ ಅರ್ಧ, ಆದರೆ ಏರು ಹಗುರ. ಒಂದು ಫ್ರೀವೀಲ್ ಬದಲಿಸಿದರೆ ಆಗುವ ಕೆಲಸಕ್ಕೆ ಇಡೀ ಗೇರ್ ಸೆಟ್ ಕೊಳ್ಳಬೇಕಿಲ್ಲ.

ನಿರ್ವಹಣೆ ಸರಳ. ಚೈನಿಗೆ ಎಣ್ಣೆ, ಕೀಲಿನ ಪಿನ್ನಿಗೆ ಒಂದು ಹನಿ, ಮಳೆಗಾಲ ಮುಗಿದ ಮೇಲೆ ಸೀಟಿನ ಕಂಬ ಹೊರತೆಗೆದು ಒರೆಸುವುದು. ಚಕ್ರದ ಬೆಂಡ್ ತೆಗೆಯುವುದು, ಬಾಲ್ಸ್‌ಗೆ ಗ್ರೀಸ್ ತುಂಬುವುದು ಅಂಗಡಿಯವರ ಕೆಲಸ.

2025ರ ಸೆಪ್ಟೆಂಬರ್ 22ರಿಂದ ಸೈಕಲ್ ಮತ್ತು ಬಿಡಿಭಾಗಗಳ ಜಿಎಸ್‌ಟಿ 12ರಿಂದ ಶೇ 5ಕ್ಕೆ ಇಳಿದಿದೆ. ಮಾರುವವರು ತಾವು ಹಿಂದೆ ಕೊಟ್ಟ ಬೆಲೆಯನ್ನು ಹೇಳಿದರೂ ಹೋಲಿಸಬೇಕಾದದ್ದು ಇಂದಿನ ಹೊಸ ಬೆಲೆಗೆ. ಕೊಂಡ ಬೆಲೆ, ರಿಪೇರಿ ಎರಡೂ ಸೇರಿ ಅದರ ಅರ್ಧ ದಾಟಿದರೆ ಹಳೆಯದನ್ನು ಬಿಟ್ಟು ಹೊಸದನ್ನೇ ನೋಡುವುದು ವಾಸಿ.