ಸ್ವಯಂಚಾಲಿತ ಗೇರಿನ ಗುಂಡಿಗಳು

ಚನ್ನಪಟ್ಟಣ ತಾಲ್ಲೂಕಿನ ವಿರೂಪಾಕ್ಷಿಪುರದಲ್ಲಿ ಪರಿಚಿತರೊಬ್ಬರ ಗೃಹಪ್ರವೇಶಕ್ಕೆ ಹೋಗಿದ್ದಾಗ, ಚಪ್ಪರದ ಮುಂದೆ ನಿಂತಿದ್ದ ಕಾರೊಂದು ಬಂದವರೆಲ್ಲರ ಗಮನವನ್ನು ಸೆಳೆದಿತ್ತು. ಅದು ಜಪಾನಿನಿಂದ ಆಮದಾದುದು. ಅದರ ಒಡೆಯರು ಬೆಂಗಳೂರಿನಲ್ಲಿ ಮತ್ತೊಬ್ಬರ ಕೈಯಿಂದ ಅದನ್ನು ಕೊಂಡಿದ್ದರು. ಕಾರಿನೊಡನೆ ಬರಬೇಕಾಗಿದ್ದ ಕೈಪಿಡಿ ಎಲ್ಲಿಯೋ ಕಳೆದುಹೋಗಿತ್ತು. ಹೀಗಾಗಿ ಗೇರಿನ ಹಿಡಿಯ ಸುತ್ತಮುತ್ತ ಇದ್ದ ನಾಲ್ಕು ಗುಂಡಿಗಳ ಅರ್ಥವನ್ನು ತಿಳಿಸುವವರೇ ಇರಲಿಲ್ಲ.

“ಮೇಷ್ಟ್ರೇ, ಎದುರಿಗೆ ಹಳದಿ ದೀಪವೊಂದು ಹೊತ್ತಿಕೊಂಡಿತ್ತು. ಏನೋ ಕೆಟ್ಟಿತು ಅಂತ ಒಂದೊಂದೇ ಗುಂಡಿ ಒತ್ತಿ ನೋಡಿ ಆರಿಸಿಬಿಟ್ಟೆ. ಹೋದ ತಿಂಗಳು ಆಗುಂಬೆ ಘಾಟಿ ಇಳಿಯುವಾಗ ಬ್ರೇಕು ಸುಟ್ಟ ವಾಸನೆ ಬಂತು, ಪೆಡಲು ಮೆತ್ತಗಾಯಿತು. ಯಾಕೆ?” ಎಂದು ಅವರು ನನ್ನನ್ನು ಕೇಳಿದರು. ದೀಪಕ್ಕೂ ಆ ವಾಸನೆಗೂ ಸಂಬಂಧವಿದ್ದೀತೆಂದು ಅವರಿಗೆ ತೋರಿರಲಿಲ್ಲ. ಸಂಬಂಧವುಂಟು. ಅದನ್ನು ತಿಳಿಯಬೇಕಾದರೆ ಗೇರೆಂದರೇನೆಂಬುದರಿಂದಲೇ ತೊಡಗಬೇಕು.

ಕಾರಿನ ಎಂಜಿನ್ನಿಗೆ ಒಂದು ದೌರ್ಬಲ್ಯವಿದೆ. ನಿಮಿಷಕ್ಕೆ ಒಂದೆರಡು ಸಾವಿರ ಸುತ್ತು ತಿರುಗುತ್ತಿರುವಾಗ ಮಾತ್ರ ಅದು ಚೆನ್ನಾಗಿ ದುಡಿಯಬಲ್ಲುದು. ತೀರ ನಿಧಾನವಾದರೆ ನಿಂತೇಹೋಗುತ್ತದೆ. ಗಾಲಿಯಾದರೋ ನಿಂತಲ್ಲಿಂದ ಹೊರಡಬೇಕು, ಕೆರೆಯ ಏರಿಯನ್ನು ಹತ್ತಬೇಕು, ಹೆದ್ದಾರಿಯಲ್ಲಿ ಓಡಬೇಕು. ಇವೆರಡರ ನಡುವಣ ಸಂಧಾನವೇ ಗೇರಿನ ಕೆಲಸ. ವೇಗವನ್ನು ಬಿಟ್ಟುಕೊಟ್ಟರೆ ಅದು ತಿರುಗುಬಲವನ್ನು ಹೆಚ್ಚಿಸುತ್ತದೆ. ತಿರುಗುಬಲವನ್ನು ಬಿಟ್ಟುಕೊಟ್ಟರೆ ವೇಗವನ್ನು ಹೆಚ್ಚಿಸುತ್ತದೆ. ಎರಡನ್ನೂ ಒಟ್ಟಿಗೆ ಕೊಡುವ ಗೇರನ್ನು ಯಾರೂ ಮಾಡಲಾರರು, ಏಕೆಂದರೆ ಅವೆರಡರ ಗುಣಲಬ್ಧವೇ ಸಾಮರ್ಥ್ಯ. ಅದು ಎಂಜಿನ್ನಿನಿಂದ ಬರಬೇಕೇ ಹೊರತು ಹಲ್ಲುಗಾಲಿಗಳಿಂದ ಹುಟ್ಟದು.

ಸ್ವಯಂಚಾಲಿತ ಗೇರಿನಲ್ಲಿ ಕ್ಲಚ್ ಪೆಡಲಿನ ಸ್ಥಾನದಲ್ಲಿ ಎಣ್ಣೆ ತುಂಬಿದ ಒಂದು ಕರಡಿಗೆಯಿದೆ. ಎರಡು ಬೀಸಣಿಗೆ ಯಂತ್ರಗಳನ್ನು ಎದುರುಬದುರಾಗಿಟ್ಟು ಒಂದಕ್ಕೆ ಮಾತ್ರ ವಿದ್ಯುತ್ತನ್ನು ಹಾಯಿಸಿದರೆ, ಅದರ ಗಾಳಿಯಿಂದ ಎರಡನೆಯದೂ ತಿರುಗುವುದನ್ನು ವಾಚಕರು ಕಂಡಿರಬಹುದು. ಇಲ್ಲಿ ಗಾಳಿಗೆ ಬದಲು ಎಣ್ಣೆ. ಜರ್ಮನಿಯ ಹೆರ್ಮನ್ ಫೊಟ್ಟಿಂಗರ್ 1905ರಲ್ಲಿ ಹಡಗುಗಳಿಗಾಗಿ ಈ ಉಪಾಯಕ್ಕೆ ಪೇಟೆಂಟು ಪಡೆದನು. ಅದರ ಹಿಂದೆ ಸೂರ್ಯನ ಸುತ್ತ ಗ್ರಹಗಳಂತೆ ಸುತ್ತುವ ಹಲ್ಲುಗಾಲಿಗಳ ಗುಂಪುಗಳಿವೆ. ಯಾವುದನ್ನು ಹಿಡಿದು ನಿಲ್ಲಿಸಿ ಯಾವುದನ್ನು ಬಿಡಬೇಕೆಂಬುದನ್ನು ಎಣ್ಣೆಯ ಒತ್ತಡ ನಿರ್ವಹಿಸುತ್ತದೆ. ನಿರ್ಧಾರಕ್ಕೆ ಆಧಾರಗಳು ಮುಖ್ಯವಾಗಿ ಎರಡು: ಕಾರಿನ ವೇಗವೆಷ್ಟು, ಚಾಲಕನು ಪೆಡಲನ್ನು ಒತ್ತಿರುವುದೆಷ್ಟು. ಈ ಯಂತ್ರಕ್ಕೆ ಮುಂದಿನ ರಸ್ತೆ ಕಾಣದು. ಗುಂಡಿಗಳನ್ನಿಟ್ಟಿರುವುದು ಈ ಕುರುಡನ್ನು ಚಾಲಕನು ತುಂಬಿಕೊಡಲೆಂದೇ.

ಈಗ ಹಳದಿ ದೀಪಕ್ಕೆ ಬರೋಣ. ಅದರಲ್ಲಿ ‘ಓ/ಡಿ ಆಫ್’ ಎಂದು ಬರೆದಿರುತ್ತದೆ. ಓ/ಡಿ ಎಂದರೆ ಓವರ್‌ಡ್ರೈವ್. ನಾಲ್ಕು ಗೇರುಗಳ ಇಂಥ ಕಾರುಗಳಲ್ಲಿ ಪ್ರಮಾಣಗಳು ಸುಮಾರಾಗಿ 2.8, 1.5, 1 ಮತ್ತು 0.7 ಇರುತ್ತವೆ. ಮೂರನೆಯದರಲ್ಲಿ ಎಂಜಿನ್ ಒಂದು ಸುತ್ತು ಸುತ್ತಿದರೆ ಪೆಟ್ಟಿಗೆಯಿಂದ ಹೊರಬರುವ ದಂಡವೂ ಒಂದು ಸುತ್ತು. ನಾಲ್ಕನೆಯದರಲ್ಲಿ ದಂಡವೇ ಎಂಜಿನ್ನಿಗಿಂತ ಹೆಚ್ಚು ಸುತ್ತುತ್ತದೆ. ಈ ನಾಲ್ಕನೆಯದೇ ಓವರ್‌ಡ್ರೈವ್. ಗಾಲಿಯ ಸುತ್ತಳತೆ 2.2 ಮೀಟರು, ಹಿಂದಿನ ಅಚ್ಚಿನ ಪ್ರಮಾಣ 4 ಎಂದಿಟ್ಟುಕೊಂಡರೆ, ಗಂಟೆಗೆ 80 ಕಿಲೋಮೀಟರು ವೇಗದಲ್ಲಿ ಎಂಜಿನ್ ಮೂರನೆಯ ಗೇರಿನಲ್ಲಿ ನಿಮಿಷಕ್ಕೆ ಸುಮಾರು 2400 ಸುತ್ತು, ನಾಲ್ಕನೆಯದರಲ್ಲಿ ಸುಮಾರು 1700 ಸುತ್ತು ತಿರುಗುತ್ತದೆ. ಬೆಂಗಳೂರು-ಮೈಸೂರು ಹೆದ್ದಾರಿಯಲ್ಲಿ ಈ ಉಳಿತಾಯ ಸಣ್ಣದಲ್ಲ.

ದೀಪ ಉರಿದರೆ ನಾಲ್ಕನೆಯ ಗೇರಿಗೆ ತಡೆಯಿದೆ ಎಂದರ್ಥ, ಆರಿದ್ದರೆ ತಡೆಯಿಲ್ಲ. ‘ಇಲ್ಲ’ ಎಂಬುದನ್ನು ‘ಇದೆ’ ಎಂದು ಬೆಳಗಿ ತೋರಿಸುವ ಈ ಏರ್ಪಾಡು ಯಾರನ್ನಾದರೂ ಗಲಿಬಿಲಿಗೊಳಿಸೀತು. ಸ್ಥಿರವಾಗಿ ಉರಿಯುವ ದೀಪ ದೋಷದ ಸೂಚನೆಯಲ್ಲ. ತಾನೇ ಮಿಣುಕತೊಡಗಿದರೆ ಮಾತ್ರ, ಹಲವು ಕಾರುಗಳಲ್ಲಿ, ನಿಯಂತ್ರಕವು ಗೇರಿನಲ್ಲಿ ತೊಂದರೆ ಕಂಡಿದೆಯೆಂದು ತಿಳಿಯಬೇಕು.

ನಮ್ಮ ಪರಿಚಿತರು ದೀಪವನ್ನು ಆರಿಸಿ ಘಾಟಿಯನ್ನು ಇಳಿದರು. ಇಳಿಯುವಾಗ ಪೆಡಲಿನ ಮೇಲೆ ಕಾಲಿರುವುದಿಲ್ಲ. ಯಂತ್ರ ಇದನ್ನು ಕಂಡು, ‘ಶ್ರಮವೇನೂ ಇಲ್ಲ’ವೆಂದು ಸಮತಟ್ಟಾದ ರಸ್ತೆಗೆ ತಕ್ಕ ಮೇಲಿನ ಗೇರನ್ನೇ ಆರಿಸಿತು. 2000 ಕಿಲೋಗ್ರಾಂ ತೂಕದ ಕಾರು 500 ಮೀಟರು ಕೆಳಕ್ಕಿಳಿಯಿತೆನ್ನೋಣ. ತೂಕ, ಗುರುತ್ವ, ಎತ್ತರಗಳನ್ನು ಗುಣಿಸಿದರೆ 98 ಲಕ್ಷ ಜೂಲು ಶಕ್ತಿಯಾಗುತ್ತದೆ. 30 ಡಿಗ್ರಿಯ ಸುಮಾರು 33 ಲೀಟರು ನೀರನ್ನು, ಎಂದರೆ ಎರಡು ಕೊಡವನ್ನು, ಕುದಿಯುವ ಮಟ್ಟಕ್ಕೆ ತರಲು ಇಷ್ಟು ಶಾಖ ಸಾಕು. ಅದನ್ನು ಎಲ್ಲಿಯಾದರೂ ಚೆಲ್ಲಲೇಬೇಕು. ಗಾಳಿಯ ತಡೆ ಸ್ವಲ್ಪವನ್ನು ಕಳೆಯುತ್ತದೆ. ಎಂಜಿನ್ ನೆರವಾಗದಿದ್ದರೆ ಮಿಕ್ಕುದೆಲ್ಲ ಬ್ರೇಕಿನ ಪಾಲು. ಬ್ರೇಕು ಬಹಳ ಕಾದರೆ ಅದರ ಹಿಡಿತ ಇಳಿಯುತ್ತದೆ. ಒಳಗಿನ ದ್ರವ ಕುದಿದು ಗುಳ್ಳೆಗಳಾದರೆ ಪೆಡಲು ನೆಲಮುಟ್ಟಿದರೂ ಕಾರು ನಿಲ್ಲದು. ಪೆಡಲು ಮೆತ್ತಗಾದುದು ಅದರ ಮುನ್ಸೂಚನೆ. ತಿರುವಿನ ಮೇಲೆ ತಿರುವಿರುವ ಆಗುಂಬೆಯಲ್ಲಿ ಅವರು ಕ್ಷೇಮವಾಗಿ ಇಳಿದುದು ಅದೃಷ್ಟವೆಂದೇ ನಾನು ಹೇಳಿದೆ.

ಕೆಳಗಿನ ಗೇರಿನಲ್ಲಿ ಗಾಲಿಗಳೇ ಎಂಜಿನ್ನನ್ನು ತಿರುಗಿಸಬೇಕಾಗುತ್ತದೆ. ಪೆಟ್ರೋಲ್ ಎಂಜಿನ್ನು ಮುಚ್ಚಿದ ಬಾಗಿಲಿನ ಸಂದಿಯಿಂದ ಗಾಳಿಯನ್ನು ಎಳೆದುಕೊಳ್ಳಲು ಹೆಣಗುತ್ತ, ಒಳಗಿನ ಘರ್ಷಣೆಯೂ ಸೇರಿ, ಬಂಡಿಯನ್ನು ಹಿಂದಕ್ಕೆ ಜಗ್ಗುತ್ತದೆ. ಆ ಶಾಖವನ್ನು ಎಂಜಿನ್ನಿನ ತಂಪುನೀರೂ ಹೊಗೆಕೊಳವೆಯೂ ಹೊರಹಾಕುತ್ತವೆ. 0.7ಕ್ಕೆ ಬದಲು 1.5ರ ಗೇರಿನಲ್ಲಿದ್ದರೆ ಈ ಜಗ್ಗು ಇಮ್ಮಡಿಗೂ ಮಿಗಿಲು. ಆದುದರಿಂದ ಸಣ್ಣ ಇಳಿಜಾರಿಗೆ ಓ/ಡಿ ತಡೆ ಸಾಕು. ಘಾಟಿಗೆ ಹಿಡಿಯನ್ನೇ ‘2’ಕ್ಕೋ ‘ಎಲ್’ಗೋ ಇಳಿಸಬೇಕು. ಪೆಟ್ರೋಲು ಉಳಿಯಲೆಂದು ನ್ಯೂಟ್ರಲಿನಲ್ಲಿ ಇಳಿಯುವವರನ್ನು ನಮ್ಮ ಕಡೆ ಬಹಳ ಕಂಡಿದ್ದೇನೆ. ಇದು ಅಪಾಯವಷ್ಟೇ ಅಲ್ಲ, ನಷ್ಟವೂ ಹೌದು: ಗೇರಿನಲ್ಲಿ ಇಳಿಯುವಾಗ ಈಗಿನ ಎಂಜಿನ್ನುಗಳು ಇಂಧನವನ್ನು ತಾವೇ ನಿಲ್ಲಿಸಿಕೊಳ್ಳುತ್ತವೆ, ನ್ಯೂಟ್ರಲಿನಲ್ಲಿ ತಿರುಗುತ್ತಿರಲು ಅದನ್ನು ಕುಡಿಯಲೇಬೇಕು.

ಎರಡನೆಯ ಗುಂಡಿ ‘ಪವರ್’. ಹೆಸರು ದೊಡ್ಡದು, ಕೆಲಸ ಚಿಕ್ಕದು. ಮೇಲಿನ ಗೇರಿಗೆ ಹೋಗುವುದನ್ನು ಅದು ತಡಮಾಡುತ್ತದೆ, ಅಷ್ಟೆ. ಎಂಜಿನ್ ಹೆಚ್ಚು ವೇಗದಲ್ಲೇ ಉಳಿಯುವುದರಿಂದ ಏರುವಾಗ, ಮುಂದಿನ ಬಂಡಿಯನ್ನು ದಾಟುವಾಗ ಅನುಕೂಲ. ಮಿಕ್ಕ ವೇಳೆಯಲ್ಲಿ ಇಂಧನ ದಂಡ. ಇದು ನಮ್ಮ ಜಿಲ್ಲೆಗೆ ಅಪರಿಚಿತವೇನಲ್ಲ. ಬಿಡದಿಯ ಟೊಯೋಟ ಕಿರ್ಲೋಸ್ಕರ್ ಕಾರ್ಖಾನೆ 1999ರ ಕೊನೆಯಲ್ಲಿ ತಯಾರಿಸತೊಡಗಿದ ಕ್ವಾಲಿಸ್ಸಿನಲ್ಲಿ ಗೇರನ್ನು ಕೈಯಿಂದಲೇ ಬದಲಿಸಬೇಕಾಗಿತ್ತು. ಅಲ್ಲಿಯೇ ತಯಾರಾಗಿ 2016ರಲ್ಲಿ ಬಂದ ಇನೋವಾ ಕ್ರಿಸ್ಟಾದಲ್ಲಿ ಆರು ಗೇರುಗಳ ಸ್ವಯಂಚಾಲಿತ ಪೆಟ್ಟಿಗೆಯೂ ‘ಇಕೋ’, ‘ಪವರ್’ ಗುಂಡಿಗಳೂ ಇದ್ದವು.

ಮೂರನೆಯದು ‘ಸ್ನೋ’, ಎಂದರೆ ಹಿಮ. “ವಿರೂಪಾಕ್ಷಿಪುರದಲ್ಲಿ ಹಿಮವೆಲ್ಲಿ?” ಎಂದು ನಕ್ಕವರಿದ್ದರು. ಆದರೆ ಮಳೆಗಾಲದ ಕೆಸರು ಹಿಮಕ್ಕೆ ಸೋದರಸಂಬಂಧಿಯೇ. ಗಾಲಿಯ ತಳ್ಳು ನೆಲದ ಹಿಡಿತವನ್ನು ಮೀರಿದೊಡನೆ ಗಾಲಿ ಜಾರುತ್ತದೆ. ಜಾರತೊಡಗಿದ ಮೇಲೆ ಹಿಡಿತ ಇನ್ನೂ ಕಡಿಮೆಯಾಗುತ್ತದೆ. ಈ ಗುಂಡಿಯಿಂದ ಕಾರು ಮೊದಲನೆಯದಕ್ಕೆ ಬದಲು ಎರಡನೆಯ ಗೇರಿನಲ್ಲಿ ಹೊರಡುತ್ತದೆ. 2.8ರ ಕಡೆ 1.5, ತಳ್ಳು ಹೆಚ್ಚುಕಡಿಮೆ ಅರ್ಧ. ಕೆಸರಿನಿಂದ ಮೆಲ್ಲನೆ ಎದ್ದುಬರಲು ಇಷ್ಟು ಸಾಕು. ಗಟ್ಟಿ ನೆಲ ಸಿಕ್ಕಿದೊಡನೆ ಅದನ್ನು ತೆಗೆಯಬೇಕು, ಇಲ್ಲವಾದರೆ ಪ್ರತಿ ಬಾರಿ ಹೊರಡುವಾಗಲೂ ಪೆಟ್ಟಿಗೆಯ ಎಣ್ಣೆ ವೃಥಾ ಕಾಯುತ್ತದೆ.

ನಾಲ್ಕನೆಯದು ‘ಷಿಫ್ಟ್ ಲಾಕ್’. ಬ್ಯಾಟರಿ ಸತ್ತಾಗ ಹಿಡಿ ‘ಪಿ’ಯಲ್ಲೇ ಸಿಕ್ಕಿಕೊಳ್ಳುತ್ತದೆ, ಕೈಬ್ರೇಕನ್ನು ಎಳೆದು, ಕಾಲಬ್ರೇಕನ್ನು ಒತ್ತಿ, ಇದನ್ನು ಅದುಮಿದರೆ ಹಿಡಿ ಸಡಿಲವಾಗುತ್ತದೆ. ಅಂದು ಸಂಜೆ ಊರ ಹೊರಗಿನ ಇಳಿಜಾರಿನಲ್ಲಿ ಅವರು ಹಿಡಿಯನ್ನು ‘2’ಕ್ಕೆ ಇಳಿಸಿ ನೋಡಿದರು. ಎಂಜಿನ್ ಗುರ್ರೆಂದುದಕ್ಕೆ ಮೊದಲು ಬೆಚ್ಚಿದರು. ಆಮೇಲೆ ಬ್ರೇಕಿನಿಂದ ಕಾಲು ತೆಗೆದರು.